ಪಾರ್ಶ್ವವಾಯುವಿಗೆ ಮಲೇರಿಯಾ ಮಾತ್ರೆಯೇ?

ಪಾರ್ಶ್ವವಾಯು ಬಡಿದ ಮನೆಯಲ್ಲಿ ಕಾಯಿಲೆ ಒಬ್ಬರದಾದರೂ ಅದರ ಭಾರ ಸತಿಪತಿಯರಿಬ್ಬರ ಮೇಲೂ ಬೀಳುತ್ತದೆ. ಗಂಡನಿಗೆ ಲಕ್ವ ಹೊಡೆದರೆ ಹೊಲದ ಕೆಲಸ, ಸಾಲದ ಕಂತು, ರೋಗಿಯ ಸ್ನಾನಪಾನ ಎಲ್ಲವೂ ಹೆಂಡತಿಯ ಪಾಲಾಗುತ್ತವೆ. ಹೆಂಡತಿಗೆ ಹೊಡೆದರೆ ಒಲೆಯ ಮುಂದೆ ಎಂದೂ ಕೂರದ ಗಂಡ ಅಡುಗೆ ಮಾಡಿ ಉಣಿಸುವುದನ್ನು ಕಲಿಯಬೇಕಾಗುತ್ತದೆ. ಇಂತಹ ಮನೆಗೆ ಎಲ್ಲಿಂದಲಾದರೂ ಒಂದು ಹೊಸ ಔಷಧದ ಸುದ್ದಿ ಬಂದರೆ ಮನಸ್ಸು ಅದರ ಕಡೆಗೆ ಓಡುವುದು ಸಹಜ. ಆ ಆಸೆಯನ್ನು ಹಗುರವಾಗಿ ಕಾಣುವುದು ಈ ಲೇಖನದ ಉದ್ದೇಶವಲ್ಲ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಕೋಲಾರದ ಕಡೆಯ ಒಂದು ಹಳ್ಳಿ. ಐವತ್ತೈದು ವರ್ಷದ ಯಜಮಾನರಿಗೆ ಎಂಟು ತಿಂಗಳ ಹಿಂದೆ ಬೆಳಗಿನ ಜಾವ ಬಲಗೈ ಬಲಗಾಲುಗಳು ಸೋತುಹೋದವು. ಆಸ್ಪತ್ರೆಯಲ್ಲಿ ಪ್ರಾಣಾಪಾಯ ತಪ್ಪಿತು. ಈಗ ಗೋಡೆ ಹಿಡಿದು ನಡೆಯುತ್ತಾರೆ. ಆದರೆ ಬಲಗೈಯ ಬೆರಳುಗಳು ಮಡಚಿಕೊಂಡೇ ಇವೆ. ತುತ್ತು ಎತ್ತಲು ಆಗದು. ಇವರ ಮಗ ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಒಂದು ಸಂಜೆ ಆತ ಫೋನು ಮಾಡಿ, “ಅಮ್ಮಾ, ಮಲೇರಿಯಾ ಮಾತ್ರೆಯಿಂದ ಲಕ್ವ ಹೊಡೆದ ಕೈ ಮತ್ತೆ ಬರುತ್ತದಂತೆ, ಮೊಬೈಲಿನಲ್ಲಿ ಬಂದಿದೆ. ಇಲ್ಲಿಯ ಮೆಡಿಕಲ್ ಸ್ಟೋರಿನಲ್ಲಿ ವಿಚಾರಿಸಿ ತರಲೇ?” ಎಂದು ಕೇಳುತ್ತಾನೆ. ತಾಯಿಗೆ ತಟ್ಟನೆ ಉತ್ತರ ಹೊಳೆಯುವುದಿಲ್ಲ. “ಅಪ್ಪನನ್ನು ಕೇಳಿ ಹೇಳುತ್ತೇನೆ ಕಣಪ್ಪಾ” ಎಂದು ಫೋನು ಇಡುತ್ತಾಳೆ.

ಆ ತಾಯಿ ಏನು ಹೇಳಬೇಕು?

ಪರಿಚಿತ ಮಾತ್ರೆ ಎಂಬ ಸಲುಗೆ

ದೊಡ್ಡನೆಕ್ಕುಂದಿಯೂ ಒಂದು ಕಾಲಕ್ಕೆ ಕೆರೆ, ಹೊಲ, ತೋಟಗಳ ಊರೇ ಆಗಿತ್ತು. ಕೆರೆ ಇಂದಿಗೂ ಇದೆ. ಸುತ್ತಣ ಬೇಸಾಯದ ನೆಲದಲ್ಲಿ ಕಾರ್ಖಾನೆಗಳೂ ಹೊರವರ್ತುಲ ರಸ್ತೆಯ ಕಂಪನಿ ಕಟ್ಟಡಗಳೂ ಎದ್ದಿವೆ. ಅಂತಹ ಕೆರೆಯಂಚಿನ ಊರುಗಳಲ್ಲಿ ಬೆಳೆದ ಹಿರಿಯರಿಗೆ ಮಲೇರಿಯಾ ಮಾತ್ರೆ ಹೊಸತಲ್ಲ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾದ ಮೇಲೆ, ಜ್ವರ ಬಂದವರ ಬೆರಳು ಚುಚ್ಚಿ ರಕ್ತದ ಲೇಪನ ತೆಗೆದು ಕಹಿಯಾದ ಕ್ಲೋರೋಕ್ವಿನ್ ಮಾತ್ರೆ ಕೊಟ್ಟು ಹೋಗುತ್ತಿದ್ದ ಆರೋಗ್ಯ ಕಾರ್ಯಕರ್ತರು ಎಲ್ಲರಿಗೂ ಪರಿಚಿತರಾಗಿದ್ದರು. ಮನೆಮನೆಗೆ ಪುಕ್ಕಟೆಯಾಗಿ ಹಂಚಿದ ಮಾತ್ರೆ ಎಂದ ಮೇಲೆ ಅದು ನಿರುಪದ್ರವಿಯೇ ಸರಿ ಎಂಬ ಭಾವನೆ ಜನರಲ್ಲಿ ಬೇರೂರಿದೆ. ತೊಂದರೆ ಆರಂಭವಾಗುವುದು ಇಲ್ಲಿಂದಲೇ. ಮಲೇರಿಯಾ ರೋಗಿಗೆ ಮೂರು ದಿನ ಕೊಡುವ ಔಷಧ ಬೇರೆ. ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ಲಕ್ವದ ರೋಗಿಗೆ ತಿಂಗಳುಗಟ್ಟಲೆ ಕೊಡುವ ಔಷಧ ಬೇರೆ.

ಲಕ್ವ ಹೊಡೆದಾಗ ಆಗುವುದೇನು?

ಮೆದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿದರೆ, ಅಥವಾ ನಾಳವೇ ಒಡೆದು ರಕ್ತ ಸುರಿದರೆ, ಆ ಭಾಗದ ಜೀವಕೋಶಗಳು ಪ್ರಾಣವಾಯುವಿಲ್ಲದೆ ಸಾಯುತ್ತವೆ. ಎಡಮೆದುಳಿಗೆ ಹಾನಿಯಾದರೆ ಬಲಭಾಗದ ಕೈಕಾಲುಗಳೂ, ಅನೇಕ ವೇಳೆ ಮಾತೂ ಕೆಡುತ್ತವೆ. ಹೀಗೆ ಸತ್ತ ಕೋಶಗಳನ್ನು ಬದುಕಿಸುವ ಔಷಧ ಇಂದಿಗೂ ಇಲ್ಲ. ಆದರೆ ಅಕ್ಕಪಕ್ಕದ ಬದುಕುಳಿದ ಕೋಶಗಳು ಹೊಸ ಸಂಪರ್ಕಗಳನ್ನು ಬೆಳೆಸಿಕೊಂಡು, ಸತ್ತವುಗಳ ಕೆಲಸವನ್ನು ಸ್ವಲ್ಪಮಟ್ಟಿಗೆ ವಹಿಸಿಕೊಳ್ಳಬಲ್ಲವು. ಕಾಲುವೆ ಒಡೆದಾಗ ರೈತ ಬದಿಯಲ್ಲಿ ಸಣ್ಣ ಕವಲು ತೋಡಿ ಗದ್ದೆಗೆ ನೀರು ಹಾಯಿಸುವುದಿಲ್ಲವೇ, ಹಾಗೆ. ಈ ಕವಲು ತೋಡುವ ಕೆಲಸ ಮೊದಲ ಮೂರು ತಿಂಗಳಲ್ಲಿ ಚುರುಕಾಗಿರುತ್ತದೆ, ಆರು ತಿಂಗಳಾಗುವ ವೇಳೆಗೆ ಮಂದವಾಗುತ್ತದೆ. ಅಲ್ಲಿಂದ ಮುಂದಿನ ಅವಸ್ಥೆಯನ್ನು ವೈದ್ಯರು ದೀರ್ಘಕಾಲಿಕ ಪಾರ್ಶ್ವವಾಯು ಎನ್ನುತ್ತಾರೆ. ಮಂದವಾಗುತ್ತದೆ ಎಂದರೆ ನಿಂತೇಹೋಗುತ್ತದೆ ಎಂದಲ್ಲ. ಇದನ್ನು ಓದುಗರು ವಿಶೇಷವಾಗಿ ನೆನಪಿನಲ್ಲಿಡಬೇಕು.

ಮಂದವಾದ ಆ ಕೆಲಸವನ್ನು ಔಷಧದಿಂದ ಮತ್ತೆ ಚುರುಕುಗೊಳಿಸಬಹುದೇ ಎಂಬುದೇ ಇಂದಿನ ಸಂಶೋಧಕರ ಪ್ರಶ್ನೆ. ಮಲೇರಿಯಾ ಔಷಧದ ಹೆಸರು ಕೇಳಿಬರುತ್ತಿರುವುದು ಈ ಸಂದರ್ಭದಲ್ಲಿ.

ಹಳೆಯ ಔಷಧಕ್ಕೆ ಹೊಸ ಕೆಲಸ

ಹೊಸ ಔಷಧವೊಂದನ್ನು ಮೊದಲಿನಿಂದ ಕಂಡುಹಿಡಿಯಲು ಅನೇಕ ವರ್ಷಗಳೂ ಅಪಾರ ಹಣವೂ ಬೇಕು. ಬಳಕೆಯಲ್ಲಿರುವ ಔಷಧದ ಗುಣದೋಷಗಳು ಮೊದಲೇ ಗೊತ್ತಿರುತ್ತವೆ, ಬೆಲೆಯೂ ಕಡಿಮೆ. ಆದ್ದರಿಂದ ಒಂದು ರೋಗದ ಔಷಧವನ್ನು ಮತ್ತೊಂದು ರೋಗಕ್ಕೆ ಪರೀಕ್ಷಿಸಿ ನೋಡುವುದು ವೈದ್ಯಶಾಸ್ತ್ರದಲ್ಲಿ ನಡೆದುಬಂದ ಕ್ರಮ. ಮಲೇರಿಯಾ ಔಷಧಗಳ ಚರಿತ್ರೆಯಲ್ಲಿಯೇ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ.

1912ರಲ್ಲಿ ಡಚ್ ವ್ಯಾಪಾರಿಯೊಬ್ಬರು, ತಾಳ ತಪ್ಪಿ ಬಡಿಯುವ ತಮ್ಮ ನಾಡಿಯನ್ನು ಕ್ವಿನೈನ್ ಸೇವಿಸಿ ತಾವೇ ಸರಿಪಡಿಸಿಕೊಳ್ಳುತ್ತಿರುವುದಾಗಿ ವೆಂಕೆಬಾಕ್ ಎಂಬ ವೈದ್ಯರಿಗೆ ಹೇಳಿದರು. ವೈದ್ಯರು ಮೊದಲು ನಂಬಲಿಲ್ಲ. ಮರುದಿನ ನಾಡಿ ಹಿಡಿದು ನೋಡಿದಾಗ ಅದು ನಿಜವಾಗಿತ್ತು. ಸಿಂಕೋನಾ ಮರದ ತೊಗಟೆಯಲ್ಲಿ ಕ್ವಿನೈನ್ ಜೊತೆಗೇ ಇರುವ ಕ್ವಿನಿಡಿನ್ ಎಂಬ ವಸ್ತು ಈ ಕೆಲಸಕ್ಕೆ ಇನ್ನೂ ಪರಿಣಾಮಕಾರಿಯೆಂದು 1918ರಲ್ಲಿ ತಿಳಿದುಬಂತು. ಹೀಗೆ ತಾಳ ತಪ್ಪುವ ನಾಡಿಯೇ ಹೃದಯದಲ್ಲಿ ಹೆಪ್ಪು ಕಟ್ಟಿಸಿ ಪಾರ್ಶ್ವವಾಯುವಿಗೆ ಒಂದು ಮುಖ್ಯ ಕಾರಣವಾಗುತ್ತದೆ ಎಂಬುದು ಇಲ್ಲಿ ಗಮನಿಸತಕ್ಕ ವಿಷಯ. ಎರಡನೆಯ ಮಹಾಯುದ್ಧದಲ್ಲಿ ಮಲೇರಿಯಾ ಬಾರದಿರಲೆಂದು ಮೆಪಾಕ್ರಿನ್ ಮಾತ್ರೆ ನುಂಗುತ್ತಿದ್ದ ಕೆಲವು ಸೈನಿಕರಲ್ಲಿ ಚರ್ಮದ ಗಾಯಗಳೂ ಕೀಲುನೋವೂ ಕಡಿಮೆಯಾದವು. ಆ ಸುಳಿವಿನಿಂದ ಮುಂದುವರಿದ ಸಂಶೋಧನೆಯ ಫಲವಾಗಿ, ಕ್ಲೋರೋಕ್ವಿನ್ ಜಾತಿಗೆ ಸೇರಿದ ಹೈಡ್ರಾಕ್ಸಿಕ್ಲೋರೋಕ್ವಿನ್ ಇಂದು ಕೀಲುವಾತ ಮತ್ತು ಲೂಪಸ್ ರೋಗಿಗಳಿಗೆ ನೆರವಾಗುತ್ತಿದೆ. ತಲೆನೋವಿಗೆಂದು ಬಂದ ಆಸ್ಪಿರಿನ್ ಹೆಪ್ಪು ಕಟ್ಟಿ ಉಂಟಾದ ಲಕ್ವದಲ್ಲಿ ಉಪಯುಕ್ತವೆಂದು, ಸುಮಾರು 40 ಸಾವಿರ ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಿಂದ ಖಚಿತವಾಯಿತು.

ಇಷ್ಟು ಕೇಳಿದವರಿಗೆ ಮಗನ ಮಾತಿನಲ್ಲಿ ತಪ್ಪೇನಿದೆ ಎನಿಸಬಹುದು. ಆದರೆ ಕಥೆಯ ಇನ್ನರ್ಧವೂ ಇದೆ.

2020ರಲ್ಲಿ ಕೊರೋನಾ ರೋಗ ಹರಡಿದಾಗ ಇದೇ ಹೈಡ್ರಾಕ್ಸಿಕ್ಲೋರೋಕ್ವಿನ್ ಅದಕ್ಕೆ ರಾಮಬಾಣವೆಂಬ ಮಾತು ದೇಶವಿದೇಶಗಳಲ್ಲಿ ಹಬ್ಬಿತು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅದು ವೈರಾಣುವನ್ನು ತಡೆದದ್ದು ನಿಜ. ಜನ ಅಂಗಡಿಗಳಿಗೆ ಮುಗಿಬಿದ್ದರು. ಅದನ್ನೇ ನಂಬಿದ್ದ ಕೀಲುವಾತದ ರೋಗಿಗಳಿಗೆ ಮಾತ್ರೆ ದೊರೆಯದಂತಾಯಿತು. ಅದೇ ವರ್ಷ ಬ್ರಿಟನ್ನಿನಲ್ಲಿ 4,700ಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ಮಾತ್ರೆ ಪಡೆದವರಲ್ಲಿ ಸಾವು ಕಡಿಮೆಯಾಗಲಿಲ್ಲವೆಂದು ತಿಳಿಯಿತು.

ಲಕ್ವದ ಚೇತರಿಕೆಯ ವಿಷಯದಲ್ಲಿಯೂ ಇಂತಹದೇ ಪಾಠವಿದೆ. ಖಿನ್ನತೆಗೆ ಕೊಡುವ ಫ್ಲುಆಕ್ಸೆಟೀನ್ ಎಂಬ ಔಷಧದಿಂದ ಕೈಕಾಲುಗಳ ಶಕ್ತಿ ಬೇಗ ಮರಳುತ್ತದೆಂದು 2011ರಲ್ಲಿ ಫ್ರಾನ್ಸಿನಿಂದ ವರದಿ ಬಂತು. ಆ ಪರೀಕ್ಷೆಯಲ್ಲಿದ್ದವರು 118 ರೋಗಿಗಳು ಮಾತ್ರ. ಎಲ್ಲೆಡೆ ಹರ್ಷ ಉಂಟಾಯಿತು, ಅನೇಕ ವೈದ್ಯರು ಅದನ್ನು ಬರೆದುಕೊಡಲಾರಂಭಿಸಿದರು. ಬಳಿಕ ಬ್ರಿಟನ್ನಿನಲ್ಲಿ 3,127 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅಂತಹ ಲಾಭ ಕಾಣಲಿಲ್ಲ. ಬದಲಾಗಿ ಮೂಳೆ ಮುರಿತ ಹೆಚ್ಚಿತ್ತು. 2020ರಲ್ಲಿ ಪ್ರಕಟವಾದ ಇನ್ನೆರಡು ಪರೀಕ್ಷೆಗಳೂ ಅದನ್ನೇ ಹೇಳಿದವು. ಮೊದಲ ಸುದ್ದಿ ಬಂದ ದಿನವೇ ಅದನ್ನು ನಂಬಿದವರ ಕೈಗೆ ಮುರಿದ ಮೂಳೆ ಬಂತೆಂದರೆ ಮಾತು ಕಟುವಾದೀತು, ಆದರೆ ಸುಳ್ಳಾಗದು.

ಮಲೇರಿಯಾ ಔಷಧದ ವಿಷಯ ಎಲ್ಲಿಗೆ ಬಂದಿದೆ?

ಚೀನಾದ ವಿಜ್ಞಾನಿ ತೂ ಯೂಯೂ ಅವರು 1970ರ ದಶಕದಲ್ಲಿ ಒಂದು ಬಗೆಯ ಮಾಚಿಪತ್ರೆಯ ಜಾತಿಯ ಗಿಡದಿಂದ ಆರ್ಟೆಮಿಸಿನಿನ್ ಎಂಬ ಔಷಧವನ್ನು ಬೇರ್ಪಡಿಸಿದರು. ಅದಕ್ಕಾಗಿ 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ದೊರೆಯಿತು. ಈ ಔಷಧದಿಂದ ತಯಾರಾದ ಆರ್ಟೆಸುನೇಟ್ ಇಂದು ತೀವ್ರ ಮಲೇರಿಯಾದಲ್ಲಿ ಪ್ರಾಣ ಉಳಿಸುವ ಮದ್ದು. ಕೃತಕವಾಗಿ ಲಕ್ವ ಉಂಟುಮಾಡಿದ ಇಲಿಗಳಿಗೆ ಇದನ್ನು ಕೊಟ್ಟಾಗ ಮೆದುಳಿನ ಉರಿಯೂತ ತಗ್ಗಿದುದನ್ನೂ, ನರಕೋಶಗಳ ಮೂಲಕೋಶಗಳು ವೃದ್ಧಿಯಾದುದನ್ನೂ ಪ್ರಯೋಗಾಲಯಗಳು ವರದಿ ಮಾಡಿವೆ. ಸಂಶೋಧಕರು ಉತ್ಸಾಹಗೊಂಡಿರುವುದರಲ್ಲಿ ಅರ್ಥವಿದೆ.

ಆದರೆ ಇಲಿಗೆ ಲಕ್ವ ಉಂಟುಮಾಡಿದ ಕೆಲವೇ ಗಂಟೆಗಳಲ್ಲಿಯೋ ದಿನಗಳಲ್ಲಿಯೋ ಔಷಧ ಕೊಡುವುದು ಸಾಮಾನ್ಯ. ನಮ್ಮ ಯಜಮಾನರಿಗೆ ಲಕ್ವ ಹೊಡೆದು ಎಂಟು ತಿಂಗಳಾಗಿವೆ. ಇಲಿಗೆ ರಕ್ತದೊತ್ತಡದ ಮಾತ್ರೆ ಇಲ್ಲ, ಬೀಡಿಯ ಚಟವಿಲ್ಲ, ವಯಸ್ಸೂ ಆಗಿರುವುದಿಲ್ಲ. ಇಲಿಗಳಲ್ಲಿ ಫಲ ಕೊಟ್ಟ ಅನೇಕಾನೇಕ ಲಕ್ವದ ಔಷಧಗಳು ಮನುಷ್ಯರಲ್ಲಿ ವಿಫಲವಾಗಿವೆ. ಲಕ್ವದ ನಂತರದ ಚೇತರಿಕೆಗೆಂದು ಮಲೇರಿಯಾದ ಯಾವ ಔಷಧಕ್ಕೂ ಭಾರತದಲ್ಲಿ ಅನುಮತಿ ಇಲ್ಲ. ಆದ್ದರಿಂದ ಮೆಡಿಕಲ್ ಸ್ಟೋರಿನಿಂದ ತಂದು ನುಂಗುವ ಹಂತಕ್ಕೆ ವಿಷಯ ಬಂದಿಲ್ಲ.

“ತಿಂದರೆ ನಷ್ಟವೇನು?” ಎನ್ನುವವರುಂಟು. ನಷ್ಟವಿದೆ. ಕ್ಲೋರೋಕ್ವಿನ್, ಕ್ವಿನೈನ್‌ಗಳು ಹೃದಯದ ಬಡಿತವನ್ನು ಏರುಪೇರು ಮಾಡಬಲ್ಲವು, ರಕ್ತದ ಸಕ್ಕರೆಯನ್ನು ಇಳಿಸಬಲ್ಲವು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರಿಗೆ ಇದು ಅಪಾಯ. ಕ್ಲೋರೋಕ್ವಿನ್‌ನ ದೀರ್ಘ ಸೇವನೆಯಿಂದ ಕಣ್ಣಿನ ಒಳಪದರ ಕೆಡಬಹುದು. ಮೆಫ್ಲೋಕ್ವಿನ್ ಕೆಲವರಲ್ಲಿ ಭಯ, ಭ್ರಮೆ ಉಂಟುಮಾಡುತ್ತದೆ. ಪ್ರೈಮಾಕ್ವಿನ್ ಹುಟ್ಟಿನಿಂದ ಒಂದು ಕಿಣ್ವದ ಕೊರತೆ ಇರುವವರ ರಕ್ತಕಣಗಳನ್ನು ಒಡೆಯುತ್ತದೆ. ಗರ್ಭಿಣಿಯರಿಗೆ ಅದನ್ನು ಕೊಡುವುದೇ ಇಲ್ಲ. ಹೆಪ್ಪು ಕಟ್ಟದಂತೆ ವಾರ್ಫರಿನ್ ನುಂಗುತ್ತಿರುವವರು ಕ್ವಿನೈನ್ ಸೇರಿಸಿಕೊಂಡರೆ ರಕ್ತಸ್ರಾವದ ಸಂಭವವುಂಟು. ಇನ್ನು ಆರ್ಟೆಮಿಸಿನಿನ್ ಜಾತಿಯ ಔಷಧವನ್ನು ಒಂಟಿಯಾಗಿ, ಅರೆಬರೆಯಾಗಿ ಬಳಸಿದರೆ ಮಲೇರಿಯಾ ರೋಗಾಣುಗಳು ಅದಕ್ಕೆ ಬಗ್ಗದಂತಾಗುತ್ತವೆ. ಆಗ ನಷ್ಟ ಇಡೀ ಊರಿಗೆ. ಇದರರ್ಥ ಮಲೇರಿಯಾ ಜ್ವರ ಬಂದಾಗ ಮಾತ್ರೆಗೆ ಹೆದರಬೇಕೆಂದಲ್ಲ. ರಕ್ತಪರೀಕ್ಷೆಯಲ್ಲಿ ಮಲೇರಿಯಾ ಕಂಡರೆ ಕೊಟ್ಟಷ್ಟೂ ಮಾತ್ರೆಗಳನ್ನು ತಪ್ಪದೆ ಮುಗಿಸಬೇಕು.

ಇದೆಲ್ಲಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಹೊಸ ಮಾತ್ರೆ ಬಂತೆಂದು ಹಳೆಯ ರಕ್ತದೊತ್ತಡದ ಮಾತ್ರೆಯನ್ನು ಬಿಟ್ಟುಬಿಡುವುದು. ಒಮ್ಮೆ ಲಕ್ವ ಹೊಡೆದವರಿಗೆ ಮತ್ತೊಮ್ಮೆ ಹೊಡೆಯುವ ಸಂಭವ ಇತರರಿಗಿಂತ ಬಹಳ ಹೆಚ್ಚು, ಎರಡನೆಯ ಪೆಟ್ಟು ಮೊದಲನೆಯದಕ್ಕಿಂತ ಕ್ರೂರ.

ಹಾಗಾದರೆ ದಂಪತಿಗಳು ಮಾಡಬಹುದಾದುದೇನು?

ಮೊದಲನೆಯದು, ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಒಂದು ದಿನವೂ ಬಿಡದಿರುವುದು. ರಕ್ತದ ಒತ್ತಡ 140/90ಕ್ಕಿಂತ ಕೆಳಗಿರಬೇಕು. ವೈದ್ಯರು ಇನ್ನೂ ಕಡಿಮೆ ಇರಲೆಂದರೆ ಹಾಗೆಯೇ ಆಗಲಿ. ಒಬ್ಬರಿಗೆ ದಿನಕ್ಕೆ ಒಂದು ಟೀ ಚಮಚ ಉಪ್ಪು ಸಾಕು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಆ ಲೆಕ್ಕಕ್ಕೆ ಸೇರಬೇಕು. ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡಲೇಬೇಕು. ಆಸ್ಪಿರಿನ್ ಎಲ್ಲ ಲಕ್ವಕ್ಕೂ ಮದ್ದಲ್ಲ. ರಕ್ತ ಸೋರಿ ಆದ ಲಕ್ವದಲ್ಲಿ ಅದು ಕೇಡು ಮಾಡಬಹುದು. ಪಕ್ಕದ ಮನೆಯವರ ಚೀಟಿ ನೋಡಿ ಕೊಳ್ಳತಕ್ಕದ್ದಲ್ಲ.

ಎರಡನೆಯದು ಅಭ್ಯಾಸ. ಮಾತ್ರೆಯಿಂದ ಆಗಬಹುದೆಂದು ಇನ್ನೂ ಆಶಿಸುತ್ತಿರುವುದನ್ನು ಅಭ್ಯಾಸವು ಸ್ವಲ್ಪಮಟ್ಟಿಗೆ ಮಾಡಿ ತೋರಿಸಿದೆ. ಅಮೆರಿಕದಲ್ಲಿ ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ರೋಗಿಗಳನ್ನು ಪರೀಕ್ಷೆಗೆ ಆರಿಸಿಕೊಂಡರು. ಅವರಲ್ಲಿ ಒಂದು ಗುಂಪಿನವರ ಒಳ್ಳೆಯ ಕೈಗೆ ದಿನದ ಹೆಚ್ಚು ಹೊತ್ತು ಕೈಚೀಲ ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸುತ್ತ ಎರಡು ವಾರ ಶಿಕ್ಷಣ ಕೊಟ್ಟರು. ಅವರ ಕೈ ಉಳಿದವರದಕ್ಕಿಂತ ಉತ್ತಮಗೊಂಡಿತು. ವರ್ಷ ಕಳೆದರೂ ಆ ಗುಣ ಉಳಿದಿತ್ತು. ಇದು 2006ರಲ್ಲಿ ಪ್ರಕಟವಾಯಿತು. ಮಣಿಕಟ್ಟು ಬೆರಳುಗಳಲ್ಲಿ ತುಸುವಾದರೂ ಚಲನೆ ಇದ್ದವರಿಗೆ ಮಾತ್ರ ಈ ಕ್ರಮ ಹೊಂದುತ್ತದೆ. ಭೌತಚಿಕಿತ್ಸಕರು ನೋಡಿ ಹೇಳಬೇಕು. ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ಆಗುವ ತಪ್ಪೊಂದಿದೆ: “ಪಾಪ, ಅವರ ಕೈಲಿ ಆಗುವುದಿಲ್ಲ” ಎಂದು ಗುಂಡಿ ಹಾಕುವುದು, ಲೋಟ ಹಿಡಿಸುವುದು, ತುತ್ತು ಉಣಿಸುವುದು ಎಲ್ಲವನ್ನೂ ಹೆಂಡತಿಯೇ ಮಾಡುತ್ತಾಳೆ. ಕೈ ಕೆಲಸ ಮರೆಯುವುದೇ ಹಾಗೆ. ಕಡಲೆಕಾಯಿ ಬಿಡಿಸುವುದು, ಹುರುಳಿ ಆರಿಸುವುದು, ಹಿಟ್ಟು ಮುದ್ದೆ ಕಟ್ಟುವುದು, ಸೊಪ್ಪು ಬಿಡಿಸುವುದು ಇವೆಲ್ಲ ಕೈಗೆ ಒಳ್ಳೆಯ ಪಾಠಗಳು. ನಿಧಾನವಾಗಲಿ, ಚೆಲ್ಲಲಿ, ಅವರೇ ಮಾಡಲಿ. ಆದರೆ ಸೋತ ತೋಳನ್ನು ಹಿಡಿದೆಳೆದು ಎಬ್ಬಿಸಬಾರದು. ಭುಜದ ಕೀಲು ಜಾರಿ ನೋವು ವರ್ಷಾನುಗಟ್ಟಲೆ ಉಳಿಯುತ್ತದೆ. ಉಣ್ಣುವಾಗ ಕೆಮ್ಮು ಬಂದರೆ, ನೆತ್ತಿಗೇರಿದರೆ, ವೈದ್ಯರಿಗೆ ತಿಳಿಸಬೇಕು.

ಮನೆಯವರೇ ಎಲ್ಲವನ್ನೂ ಮಾಡಿ ಗುಣಪಡಿಸಬಹುದೆಂದು ಹೇಳುವುದು ಮಾತ್ರ ಸರಿಯಲ್ಲ. ಭಾರತದಲ್ಲಿಯೇ 14 ಆಸ್ಪತ್ರೆಗಳ 1,250 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಮನೆಯವರಿಗೆ ತರಬೇತಿ ಕೊಟ್ಟ ಗುಂಪಿಗೂ ಎಂದಿನ ಚಿಕಿತ್ಸೆಯ ಗುಂಪಿಗೂ ಆರು ತಿಂಗಳಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2017ರಲ್ಲಿ ವರದಿಯಾಯಿತು. ಒಪ್ಪಲು ಕಷ್ಟವಾದ ಸತ್ಯವಾದರೂ ಹೇಳಬೇಕಾದುದೇ. ಮನೆಯವರ ಶ್ರಮ ಭೌತಚಿಕಿತ್ಸಕರ ಕೆಲಸಕ್ಕೆ ಜೊತೆಯಾಗಬೇಕು, ಬದಲಿಯಾಗಲಾರದು. ಆದ್ದರಿಂದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಭೌತಚಿಕಿತ್ಸಕರನ್ನು ಕಾಣುವುದನ್ನು ನಿಲ್ಲಿಸಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಜ್ಯದ ಆರೋಗ್ಯ ಇಲಾಖೆ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದ ಉದ್ದೇಶವೂ ಇಂತಹ ರೋಗಿಗಳಿಗೆ ತಮ್ಮ ಜಿಲ್ಲೆಯಲ್ಲಿಯೇ ಸಲಹೆ ದೊರೆಯಲೆಂಬುದು.

ರೋಗಿಯು ಸುಮ್ಮನೆ ಅಳುತ್ತಿದ್ದರೆ, ಊಟ ನಿದ್ದೆ ಬಿಟ್ಟರೆ, ಅದನ್ನು ಹಠವೆಂದು ಬೈಯಬಾರದು. ಲಕ್ವದ ನಂತರ ಖಿನ್ನತೆ ಸಾಮಾನ್ಯ, ಅದಕ್ಕೆ ಚಿಕಿತ್ಸೆ ಉಂಟು. ದಾಂಪತ್ಯ ಸುಖ ಮುಗಿಯಿತೆಂದು ಭಾವಿಸಬೇಕಾಗಿಲ್ಲ. ಸ್ಥಿತಿ ಸ್ಥಿರವಾದ ಮೇಲೆ ಬಹುಮಂದಿ ಸಹಜ ದಾಂಪತ್ಯಕ್ಕೆ ಮರಳಬಹುದು. ಸಂಕೋಚವಿಲ್ಲದೆ ವೈದ್ಯರನ್ನು ಕೇಳಿ.

ಕುಟುಂಬ ಯೋಜನೆಯ ಕುರಿತು ಒಂದು ಮಾತು

ಪಾರ್ಶ್ವವಾಯು ವೃದ್ಧರ ರೋಗ ಮಾತ್ರವಲ್ಲ. ಹೆರಿಗೆಯಾದ ಕೆಲವು ವಾರಗಳಲ್ಲಿ ಬಾಣಂತಿಯರ ಮೆದುಳಿನ ಅಭಿಧಮನಿಗಳಲ್ಲಿ ಹೆಪ್ಪು ಕಟ್ಟುವ ಒಂದು ಬಗೆಯನ್ನು ನಿಮ್ಹಾನ್ಸ್ ವೈದ್ಯರು ಬಹುಕಾಲ ಅಧ್ಯಯನ ಮಾಡಿದ್ದಾರೆ. ಬಾಣಂತಿಗೆ ನೀರು ಕೊಡದಿರುವ ಹಳೆಯ ಪದ್ಧತಿ ಇಲ್ಲಿ ಹಾನಿಕರ. ಆಕೆಗೆ ಬೇಕಾದಷ್ಟು ನೀರು ಕೊಡಬೇಕು. ಬಾಣಂತಿಗೆ ಬಿಡದ ತಲೆನೋವು, ಫಿಟ್ಸು, ಕೈಕಾಲು ಸೋಲು ಕಂಡರೆ ಗಾಳಿ ಸೋಕಿತೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಒಮ್ಮೆ ಲಕ್ವ ಹೊಡೆದ ಮಹಿಳೆಯು ಮಾಲಾ-ಎನ್‌ನಂತಹ ಎರಡು ಹಾರ್ಮೋನುಗಳ ಗರ್ಭನಿರೋಧಕ ಗುಳಿಗೆಯನ್ನು ಸೇವಿಸಬಾರದು. ಅದು ಹೆಪ್ಪು ಕಟ್ಟುವುದನ್ನು ಹೆಚ್ಚಿಸುತ್ತದೆ. ರಕ್ತದ ಒತ್ತಡ ಹೆಚ್ಚಿರುವವರೂ ಒತ್ತಡ ಅಳೆಸದೆ ಅದನ್ನು ಆರಂಭಿಸಬಾರದು. ಇವರಿಗೆ ಕಾಪರ್-ಟಿ ಸೂಕ್ತ. ಮಕ್ಕಳು ಸಾಕೆನಿಸಿದ್ದರೆ ಗಂಡನೇ ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಇನ್ನೂ ಸರಳ. ಇದರಿಂದ ಗಂಡಸಿನ ಶಕ್ತಿ ಕುಂದುವುದಿಲ್ಲ, ಲಕ್ವವೂ ಬರುವುದಿಲ್ಲ.

ಪರೀಕ್ಷೆಗೆ ಕರೆದರೆ?

ಮುಂದೆ ಯಾವುದಾದರೂ ಆಸ್ಪತ್ರೆಯು ಇಂತಹ ಔಷಧವನ್ನು ರೋಗಿಗಳ ಮೇಲೆ ಪರೀಕ್ಷಿಸಬಹುದು. ಭಾಗವಹಿಸುವುದು ತಪ್ಪಲ್ಲ, ಹಾಗೆ ಭಾಗವಹಿಸಿದವರಿಂದಲೇ ಆಸ್ಪಿರಿನ್‌ನ ಗುಣ ನಮಗೆ ಗೊತ್ತಾದದ್ದು. ಆದರೆ ಸರಿಯಾದ ಪರೀಕ್ಷೆಯು ಭಾರತದ ವೈದ್ಯಕೀಯ ಪರೀಕ್ಷೆಗಳ ನೋಂದಣಿಯಲ್ಲಿ ಮೊದಲೇ ದಾಖಲಾಗಿರುತ್ತದೆ. 2009ರಿಂದ ಇದು ಕಡ್ಡಾಯ. ಲಾಭ ನಷ್ಟಗಳನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯುತ್ತಾರೆ. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಪರೀಕ್ಷೆಯ ಔಷಧಕ್ಕೆ ಹಣ ಕೇಳುವವರಿದ್ದರೆ ಅವರಿಂದ ದೂರವಿರಿ.

ದೊಡ್ಡನೆಕ್ಕುಂದಿಯ ಮಗ ಮತ್ತೆ ಫೋನು ಮಾಡಿದಾಗ ತಾಯಿ ಹೇಳಬಹುದಾದುದು ಇಷ್ಟು: “ಆ ಮಾತ್ರೆ ಬೇಡ ಕಣಪ್ಪಾ, ಅದಿನ್ನೂ ಇಲಿಗಳ ಹತ್ತಿರವೇ ಇದೆಯಂತೆ. ಬರುವ ವಾರ ಎರಡು ದಿನ ರಜೆ ಹಾಕಿ ಬಾ. ಅಪ್ಪನನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆ ಕೈಯನ್ನು ತೋರಿಸೋಣ.” ಹೋಗುವಾಗ ಹಳೆಯ ಚೀಟಿಗಳನ್ನೂ, ಮೆದುಳಿನ ಸ್ಕ್ಯಾನ್ ಚಿತ್ರವನ್ನೂ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ, ನಾಟಿ ಔಷಧವಿದ್ದರೆ ಅದನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಈ ನಡುವೆ ಯಾರಿಗೇ ಆಗಲಿ ಬಾಯಿ ಸೊಟ್ಟಗಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ, ಆದ ಹೊತ್ತನ್ನು ನೆನಪಿಟ್ಟುಕೊಂಡು ಕೂಡಲೇ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಮಾತ್ರ ಪ್ರಯೋಜನಕ್ಕೆ ಬರುತ್ತದೆ.